ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದೆಯಾ? ಗೋಡೆಯಿಂದ ಶುರು ಮಾಡಿ

ನನ್ನ ತಮ್ಮನದು ತುಮಕೂರಿನಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಕಳೆದ ಮಳೆಗಾಲದಲ್ಲಿ ಅವನ ಡೆಸ್ಕ್‌ಟಾಪ್ ದಿನಕ್ಕೆ ನಾಲ್ಕೈದು ಸಲ ಟಪ್ ಅಂತ ಆಫ್ ಆಗತೊಡಗಿತು. ರಿಪೇರಿಯವರು ಬಂದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್ ಒಳಗೆ ಕರೆಂಟು ಹಂಚುವ ಡಬ್ಬಿ, ಬದಲಿಸಿದರು. ಸರಿಹೋಗಲಿಲ್ಲ. ‘ಬೋರ್ಡೇ (ಮದರ್‌ಬೋರ್ಡ್) ಹೋಗಿದೆ’ ಎಂದರು. ಹೊಸ ಬೋರ್ಡ್ ತರಿಸುವ ಮುಂಚೆ ನಾನೊಂದು ಮಧ್ಯಾಹ್ನ ಸುಮ್ನೆ ಅಂಗಡಿಯಲ್ಲಿ ಕೂತು ನೋಡಿದೆ. ಟೈಪ್ ಮಾಡುವಾಗ ಏನೂ ಆಗುತ್ತಿರಲಿಲ್ಲ. ಯಾರಾದರೂ ಬಂದು ಪಹಣಿ ಪ್ರಿಂಟ್ ಕೇಳಿದರೆ ಸಾಕು, ಯುಪಿಎಸ್ ಒಮ್ಮೆ ಕುಯ್ಯೆಂದು ಕೂಗಿ ಎಲ್ಲ ಕತ್ತಲು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಲೇಸರ್ ಪ್ರಿಂಟರ್‌ನ ವೈರು ಯುಪಿಎಸ್‌ಗೇ ಚುಚ್ಚಿತ್ತು.

ಲೇಸರ್ ಪ್ರಿಂಟರ್ ಟೋನರ್ ಪುಡಿಯನ್ನು ಕಾದ ರೋಲರ್‌ನಿಂದ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಆ ರೋಲರ್ ಕಾಯುವಾಗ ನೂರಾರು ವಾಟ್ ಎಳೆಯುತ್ತದೆ. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವಾಟ್ ಅಷ್ಟೇ. ಪ್ರಿಂಟರ್ ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಿದೆವು, ಮುಗಿಯಿತು. ಎಸ್‌ಎಂಪಿಎಸ್ ದುಡ್ಡು ಮಾತ್ರ ದಂಡ.

ಮೊದಲು ಬರೆದಿಟ್ಟುಕೊಳ್ಳಿ

ಎರಡು ದಿನ ಪಕ್ಕದಲ್ಲಿ ಒಂದು ಕಾಗದ ಇಡಿ. ಪ್ರತಿ ಸಲ ಆಫ್ ಆದಾಗ ಮೂರು ವಿಷಯ ಬರೆಯಿರಿ. ಎಷ್ಟು ಹೊತ್ತಿಗೆ ಹೋಯಿತು? ಆಗ ಏನು ಮಾಡುತ್ತಿದ್ದಿರಿ? ಹೇಗೆ ಹೋಯಿತು? ಕೊನೆಯದೇ ಮುಖ್ಯ. ವೈರು ಕಿತ್ತ ಹಾಗೆ ಒಮ್ಮೆಲೇ ಹೋದರೆ ಕರೆಂಟು, ಎಸ್‌ಎಂಪಿಎಸ್ ಅಥವಾ ಬಿಸಿಯ ಮೇಲೆ ಅನುಮಾನ. ನೀಲಿ ಪರದೆ ಬಂದು ರೀಸ್ಟಾರ್ಟ್ ಆದರೆ ರ್‍ಯಾಮ್ ಅಥವಾ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕಡೆ ನೋಡಿ. ‘ಶಟ್ಟಿಂಗ್ ಡೌನ್’ ಎಂದು ತೋರಿಸಿ ನಿಧಾನಕ್ಕೆ ಮುಚ್ಚಿಕೊಂಡರೆ ಯಾರೋ ಆಫ್ ಮಾಡಲು ಹೇಳಿದ್ದಾರೆ ಎಂದರ್ಥ. ಆ ‘ಯಾರೋ’ ಒಳಗೇ ಸಿಕ್ಕಿಹಾಕಿಕೊಂಡ ಪವರ್ ಬಟನ್ನೂ ಇರಬಹುದು.

ಗೋಡೆಯಿಂದ ಕ್ಯಾಬಿನೆಟ್‌ವರೆಗೆ

ಕ್ಯಾಬಿನೆಟ್ ಹಿಂದೆ ಚುಚ್ಚಿರುವ ಪವರ್ ವೈರನ್ನು ತೆಗೆದು ಮತ್ತೆ ಗಟ್ಟಿಯಾಗಿ ಒತ್ತಿ. ಸ್ಪೈಕ್ ಬಸ್ಟರ್ ಹಳೆಯದಾಗಿದ್ದರೆ ಅದರ ರಂಧ್ರಗಳು ಸಡಿಲವಾಗಿರುತ್ತವೆ, ಪಕ್ಕಕ್ಕಿಟ್ಟು ನೋಡಿ.

ಯುಪಿಎಸ್ ಇದ್ದರೆ ಕೆಲಸವನ್ನೆಲ್ಲ ಸೇವ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ. ಕಂಪ್ಯೂಟರ್ ಅದೇ ಕ್ಷಣ ಹೋಯಿತಾ? ಬ್ಯಾಟರಿ ಸತ್ತಿದೆ. ಒಳಗಿರುವ 12 ವೋಲ್ಟ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುವುದು ಮಾಮೂಲು. ಇಲ್ಲೊಂದು ತಮಾಷೆ ಇದೆ. ಮನೆಯಲ್ಲಿ ಮೋಟಾರ್ ಹಾಕಿದಾಗ ಬಲ್ಬು ಒಂದು ಕ್ಷಣ ಮಂಕಾಗುತ್ತದೆ. ಅಷ್ಟಕ್ಕೆ ಎಸ್‌ಎಂಪಿಎಸ್ ಹೆದರುವುದಿಲ್ಲ. ಆದರೆ ವೋಲ್ಟೇಜ್ ಇಳಿಯಿತೆಂದು ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ, ಬ್ಯಾಟರಿಯಲ್ಲಿ ಜೀವವಿಲ್ಲ, ಕಂಪ್ಯೂಟರ್ ಆಫ್. ಕಾಯಬೇಕಾದದ್ದೇ ಕೊಲ್ಲುತ್ತಿರುತ್ತದೆ. ಎರಡು ದಿನ ಯುಪಿಎಸ್ ಬಿಟ್ಟು ನೇರ ಗೋಡೆಯಿಂದ ಓಡಿಸಿದರೆ ಗೊತ್ತಾಗುತ್ತದೆ.

ವಿಂಡೋಸ್ ಏನು ಬರೆದಿಟ್ಟಿದೆ?

ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಒಳಗೆ ‘ಸಿಸ್ಟಮ್’ ಒತ್ತಿ. ಆಫ್ ಆದ ಹೊತ್ತಿನ ಆಸುಪಾಸಿನಲ್ಲಿ ‘ಕರ್ನಲ್-ಪವರ್ 41’ ಎಂಬ ಕೆಂಪು ಗುರುತು ಕಾಣುತ್ತದೆ. ‘ಪವರ್’ ಎಂಬ ಪದ ನೋಡಿ ಎಸ್‌ಎಂಪಿಎಸ್ ಕೊಳ್ಳಲು ಓಡಬೇಡಿ. ಅದು ‘ಹಿಂದಿನ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ’ ಎಂದು ಮತ್ತೆ ಆನ್ ಆದಾಗ ಬರೆದ ದೂರು ಅಷ್ಟೇ, ಕಾರಣ ಅಲ್ಲ. ಅದರ ‘ಡೀಟೇಲ್ಸ್’ನಲ್ಲಿ ‘ಬಗ್‌ಚೆಕ್ ಕೋಡ್’ ನೋಡಿ. ಸೊನ್ನೆ ಇದ್ದರೆ ಬಹುಮಟ್ಟಿಗೆ ಕರೆಂಟೇ ಕಡಿದಿದೆ, ವಿಂಡೋಸ್‌ಗೆ ಏನೂ ಬರೆಯಲು ಪುರುಸೊತ್ತಾಗಿಲ್ಲ. ಬೇರೆ ಅಂಕಿ ಇದ್ದರೆ ನೀಲಿ ಪರದೆ ಬಂದು ಹೋಗಿದೆ. ಅದೇ ‘ಸಿಸ್ಟಮ್’ ಪಟ್ಟಿಯಲ್ಲಿ ಈವೆಂಟ್ ಐಡಿ 1074 ಎಂದು ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಕೇಳಿಕೊಂಡೇ ಆಫ್ ಮಾಡಿದೆ. ಸ್ಕ್ರೂಡ್ರೈವರ್ ಒಳಗಿಡಿ.

ಬಿಸಿ

‘ಎಚ್‌ಡಬ್ಲ್ಯೂಮಾನಿಟರ್’ ಎಂಬ ಉಚಿತ ಪ್ರೋಗ್ರಾಂ ಪ್ರೊಸೆಸರ್ ಎಷ್ಟು ಬಿಸಿಯಿದೆ ಎಂದು ತೋರಿಸುತ್ತದೆ. ಸುಮ್ಮನಿದ್ದಾಗ 40-50 ಡಿಗ್ರಿ, ಜೋರಾಗಿ ದುಡಿಯುವಾಗ 80ರ ಹತ್ತಿರ ಇದ್ದರೆ ಚಿಂತೆಯಿಲ್ಲ. 100ರ ಹತ್ತಿರ ಬಂದರೆ ಪ್ರೊಸೆಸರ್ ಮೊದಲು ತಾನೇ ವೇಗ ಇಳಿಸುತ್ತದೆ, ಆಗಲೂ ತಣಿಯದಿದ್ದರೆ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತದೆ. ಗೇಮ್ ತಡವರಿಸಿ ಆಮೇಲೆ ಆಫ್ ಆಯಿತು, ಕೂಡಲೇ ಆನ್ ಮಾಡಿದರೆ ಈ ಸಲ ಇನ್ನೂ ಬೇಗ ಹೋಯಿತು ಎಂದರೆ ಬಿಸಿಯೇ.

ವೈರು ಕಿತ್ತು, ಪವರ್ ಬಟನ್ ಕೆಲ ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟು ಖಾಲಿ ಮಾಡಿ. ಕ್ಯಾಬಿನೆಟ್‌ನ ಲೋಹ ಮುಟ್ಟಿ, ಆಮೇಲೆ ಪಕ್ಕದ ಮುಚ್ಚಳ ತೆಗೆಯಿರಿ. ಪ್ರೊಸೆಸರ್ ಮೇಲೆ ಕೂತು ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಬ್ಲೋವರ್ ಬಿಡಿ, ಇಲ್ಲವೇ ಒಣ ಪೇಂಟ್ ಬ್ರಶ್ ಸಾಕು. ನಂತರ ಹೀಟ್‌ಸಿಂಕನ್ನು ಮೆಲ್ಲಗೆ ಅಲ್ಲಾಡಿಸಿ. ಇಂಟೆಲ್ ಪೆಟ್ಟಿಗೆಯ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವೆ. ಅದರಲ್ಲಿ ಒಂದು ಮೇಲೆದ್ದಿದ್ದರೂ ಬಿಸಿ ಸರಿಯಾಗಿ ಇಳಿಯುವುದಿಲ್ಲ. ಕೂಲರ್ ಬಿಚ್ಚಿದರೆ ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೆಯ ಪೇಸ್ಟ್ ಪೂರ್ತಿ ಒರೆಸಿ, ಹೊಸದನ್ನು ತೊಗರಿ ಕಾಳಿನಷ್ಟು ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪಾಗುವುದಿಲ್ಲ.

ಇನ್ನೂ ಹೋಗುತ್ತಿದ್ದರೆ

ಮುಂದಿನ ಪವರ್ ಬಟನ್‌ನಿಂದ ಬೋರ್ಡ್‌ಗೆ ಬರುವ ಸಣ್ಣ ವೈರನ್ನು ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೂ ಕಂಪ್ಯೂಟರ್ ಆನ್ ಆಗುತ್ತದೆ. ಹಾಗೆ ಓಡಿಸಿದಾಗ ತೊಂದರೆ ನಿಂತರೆ ಬಟನ್ನೇ ಕಳ್ಳ. ರ್‍ಯಾಮ್ ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಹಳೇ ಉಪಾಯ ಈಗಲೂ ಕೆಲಸ ಮಾಡುತ್ತದೆ.

ಎಸ್‌ಎಂಪಿಎಸ್ ಪರೀಕ್ಷೆಗೆ ಮಲ್ಟಿಮೀಟರ್ ಹಿಡಿಯುವವರಿದ್ದಾರೆ. 12 ವೋಲ್ಟ್ ಲೈನ್ 11.4ರಿಂದ 12.6ರೊಳಗೆ ಇರಬೇಕು. ಆದರೆ ಹೊರೆ ಬಿದ್ದ ಕ್ಷಣದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಇಳಿದರೆ ಮೀಟರ್‌ಗೆ ಕಾಣುವುದಿಲ್ಲ. ಹಾಗಾಗಿ ನನಗೆ ನಂಬಿಕೆ ಒಂದೇ ಪರೀಕ್ಷೆಯಲ್ಲಿ: ಗೆಳೆಯರ ಹತ್ತಿರ ಚೆನ್ನಾಗಿರುವ, ಸಾಕಷ್ಟು ವಾಟಿನ ಎಸ್‌ಎಂಪಿಎಸ್ ಒಂದು ದಿನಕ್ಕೆ ಕಡ ತಂದು ಹಾಕಿ ನೋಡುವುದು. ಹಳೆಯದನ್ನು ಮಾತ್ರ ಬಿಚ್ಚಬೇಡಿ. ವೈರು ಕಿತ್ತ ಮೇಲೂ ಅದರೊಳಗೆ ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಜೋರು ಶಾಕ್ ಕೊಡಬಲ್ಲವು.

ಇಷ್ಟಾದ ಮೇಲೆ ಉಳಿಯುವುದು ಬೋರ್ಡ್. ತಲೆ ಉಬ್ಬಿದ ಕೆಪಾಸಿಟರ್ ಕಂಡರೆ ಅಂಗಡಿಗೆ ಒಯ್ಯಿರಿ, ಬರೆದಿಟ್ಟ ಕಾಗದವೂ ಜೊತೆಗಿರಲಿ. ಅಲ್ಲಿ ಎರಡು ದಿನ ಒಂದು ಸಲವೂ ಆಫ್ ಆಗದೆ ಓಡಿತು ಅಂತಿಟ್ಟುಕೊಳ್ಳಿ. ಆಗ ದೋಷ ನಿಮ್ಮ ಮನೆಯಲ್ಲೇ ಉಳಿದಿದೆ. ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ ಪಾಯಿಂಟ್ ಬಿಚ್ಚಿಸಿ, ನ್ಯೂಟ್ರಲ್ ವೈರು ಸಡಿಲವಾಗಿದೆಯಾ ಎಂದು ನೋಡಿಸಿ.