ಲ್ಯಾಪ್‌ಟಾಪ್‌ನಲ್ಲಿ ಮೋಹನ, ಪಕ್ಕದಲ್ಲಿ ಮೃದಂಗ

ಮಾಡಿಟ್ಟ ಹಾಡನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕುವುದು ಬೇರೆ, ಲ್ಯಾಪ್‌ಟಾಪನ್ನೇ ನುಡಿಸುವುದು ಬೇರೆ. ನಾನು ನುಡಿಸುವುದು ಸೋನಿಕ್ ಪೈನಲ್ಲಿ, ಅಂದರೆ ಕೋಡ್ ಬರೆದು ಸಂಗೀತ ನುಡಿಸುವ ತಂತ್ರಾಂಶದಲ್ಲಿ. ಸ್ಯಾಮ್ ಆರನ್ ಇದನ್ನು ಕೇಂಬ್ರಿಡ್ಜ್‌ನಲ್ಲಿ ಮಾಡಿದ್ದು ಶಾಲೆ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸೋಕೆ. ಆದರೆ ಒಳಗೆ ಸದ್ದು ಹುಟ್ಟಿಸುವುದು ಸೂಪರ್‌ಕೊಲೈಡರ್ ಅನ್ನುವ, ಸಂಗೀತಗಾರರೇ ಬಳಸುವ ತಂತ್ರಾಂಶ. ಮಕ್ಕಳಾಟ ಅಂತ ತಳ್ಳಿಹಾಕುವ ಹಾಗಿಲ್ಲ.

ಜೊತೆಗೆ ಮೃದಂಗಕ್ಕೆ ಒಬ್ಬ ಗೆಳೆಯ ಕೂರುತ್ತಾನೆ. ಶ್ರುತಿ ಸೇರಬೇಕು, ತಾಳ ನಿಲ್ಲಬೇಕು. ಅವನು ಕೇಳುವುದು ಇಷ್ಟೇ.

ಸೋನಿಕ್ ಪೈನಲ್ಲಿ ಪ್ರತಿ ಸ್ವರಕ್ಕೂ ಒಂದು ನಂಬರು. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜ ಮಾಡಿಕೊಂಡರೆ ಅದರ ನಂಬರು 60. ಮೋಹನಕ್ಕೆ 60, 62, 64, 67, 69 ಅಂತ ಬರೆದರೆ ರಾಗವೇನೋ ಬರುತ್ತದೆ. ಆದರೆ ತಂಬೂರಿ ಹಾಕಿದ ಕೂಡಲೇ ಗಾಂಧಾರ ಚುಚ್ಚುತ್ತದೆ, ಹಾರ್ಮೋನಿಯಂನಲ್ಲಿ ಆಗುತ್ತಲ್ಲ ಹಾಗೆ. ಇಲ್ಲಿ ದಶಮಾಂಶವೂ ನಡೆಯುತ್ತದೆ. ಗಾಂಧಾರಕ್ಕೆ 63.86, ಧೈವತಕ್ಕೆ 68.84 ಬರೆದೆ. ಗಾಂಧಾರ ಷಡ್ಜದ 5/4 ಪಟ್ಟು ಅನ್ನುವ ಲೆಕ್ಕದಿಂದ ಬಂದ ಸಂಖ್ಯೆ ಅದು. ಈಗ ತಂಬೂರಿಯೊಳಗೇ ಕೂತುಬಿಡುತ್ತದೆ. ನೋಟ್ ಸ್ಲೈಡ್ ಅನ್ನುವ ಆಯ್ಕೆ ಕೊಟ್ಟರೆ ರಿಷಭದಿಂದ ಗಾಂಧಾರಕ್ಕೆ ಕಡಿಯದೆ ಜಾರಬಹುದು. ಸ್ವರ ಅಲುಗಿಸುವ ಕಂಪಿತ ಮಾತ್ರ ಇನ್ನೂ ಕೃತಕವಾಗಿಯೇ ಕೇಳುತ್ತದೆ, ಸುಮ್ನೆ ಯಾಕೆ ಹೊಗಳಿಕೊಳ್ಳಲಿ.

ನನಗೆ ಜಾಸ್ತಿ ಇಷ್ಟವಾದದ್ದು ಲೈವ್ ಲೂಪ್, ಅಂದರೆ ಸುತ್ತಿ ಸುತ್ತಿ ನುಡಿಯುವ ಕೋಡಿನ ತುಂಡು. ಆದಿತಾಳದ 8 ಅಕ್ಷರ, ನಿಮಿಷಕ್ಕೆ 80ರ ಲಯ, ಒಂದು ಆವರ್ತಕ್ಕೆ 6 ಸೆಕೆಂಡು. ಲೂಪ್ ಓಡುತ್ತಿರುವಾಗಲೇ ಸಾಲು ತಿದ್ದಿ ರನ್ ಒತ್ತಿದರೆ ಅದು ಆಗಲೇ ಬದಲಾಗುವುದಿಲ್ಲ. ಲೂಪ್ ಸುತ್ತಿ ಬಂದ ಮೇಲೆ, ಸರಿಯಾಗಿ ಸಮಕ್ಕೆ, ಅಂದರೆ ಆವರ್ತದ ಮೊದಲ ಏಟಿಗೆ ಬದಲಾಗುತ್ತದೆ. ನಡುವೆ ಎಲ್ಲಿ ಒತ್ತಿದರೂ ಸರಿ. ತಾಳ ಗೊತ್ತಿರುವವರು ಕೇಳಿ ಮಾಡಿಸಿಕೊಂಡ ಹಾಗಿದೆ, ಅಲ್ವಾ? ಇನ್ನೊಂದು ವಿಷಯ: ಕೋಡ್‌ನಲ್ಲಿ ಬ್ರಾಕೆಟ್ ಬಿಟ್ಟುಹೋದರೆ ಹಳೆಯ ಲೂಪೇ ಮುಂದುವರಿಯುತ್ತದೆ, ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಇಲ್ಲದ ಹೆಸರು ಬರೆದರೆ ಮಾತ್ರ ಆ ಲೂಪ್ ನಿಂತೇ ಹೋಗುತ್ತದೆ. ಹಾಗಾಗಿ ತಂಬೂರಿಯನ್ನು ಬೇರೆ ಲೂಪ್‌ನಲ್ಲಿ ಇಟ್ಟು ಅದನ್ನು ಮುಟ್ಟುವುದಿಲ್ಲ.

ಸ್ವರ ನುಡಿಸುವ ಕೀಬೋರ್ಡ್ ಜೋಡಿಸಿದರೆ ಕಥೆ ಬೇರೆ. ಲಯ ಕೆಡದಿರಲಿ ಅಂತ ಸೋನಿಕ್ ಪೈ ಎಲ್ಲವನ್ನೂ ಅರ್ಧ ಸೆಕೆಂಡು ಮುಂದಕ್ಕೆ ತಳ್ಳಿ ನುಡಿಸುತ್ತದೆ. ಒತ್ತಿ ಅರ್ಧ ಸೆಕೆಂಡಿಗೆ ಬರುವ ಸ್ವರ ಇಟ್ಟುಕೊಂಡು ಏನು ನುಡಿಸುವುದು? ಆ ಲೂಪ್‌ಗೆ ಮಾತ್ರ 'ಯೂಸ್ ರಿಯಲ್ ಟೈಮ್' ಅಂತ ಸೇರಿಸಬೇಕು. ಆಮೇಲೆ ಆಡಿಯೋ ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ 1024 ಸ್ಯಾಂಪಲ್ ಅಂದರೆ 21 ಮಿಲಿಸೆಕೆಂಡು, ಬೆರಳಿಗೆ ತಿಳಿಯುತ್ತದೆ. 256 ಅಂದರೆ 5, ಎರಡು ಮೀಟರ್ ಆಚೆ ಕೂತವನಿಗೆ ಮೃದಂಗ ಕೇಳುವಷ್ಟೇ ತಡ. 64ಕ್ಕೆ ಇಳಿಸಿದರೆ ನನ್ನ ಹಳೆ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ.

ಲಯ ಓಡಿಸುವುದು ಮೃದಂಗದವನ ಚಾಳಿ. ಅವನು ಓಡಿದರೆ ಕಂಪ್ಯೂಟರ್ ಓಡಬೇಕಲ್ಲ? ಕೀಬೋರ್ಡಿನ ಒಂದು ತಿರುಪನ್ನು (ನಾಬ್) ಲಯಕ್ಕೆ ಕಟ್ಟಿದ್ದೇನೆ. ಅದನ್ನು ಆವರ್ತಕ್ಕೊಮ್ಮೆ ಓದಿಸಿದರೆ ಸಮದಲ್ಲಿ ಜಿಗಿತ ಕೇಳಿಸುತ್ತದೆ. ಅಕ್ಷರಕ್ಕೊಮ್ಮೆ ಓದಿಸಿದರೆ ಅವನ ಜೊತೆಗೇ ಏರುತ್ತದೆ.