ಕಂದಿದ ದಾಖಲೆಗೆ ಕೆಂಪು ಚಾನೆಲ್: ನನ್ನ ಅನುಭವ

ಮಲೆನಾಡಿನ ಹಳೇ ಕಾಗದಕ್ಕೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಷ್ಟು ಎಳೆದರೂ ಪ್ರಯೋಜನ ಇಲ್ಲ. ಕಲರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ, ಅಂದರೆ ಚಾನೆಲ್, ಇರುತ್ತವೆ. ಅದರಲ್ಲಿ ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಳ್ಳಬೇಕು. ಸಾಗರದ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು ಇದನ್ನು ನಂಬಲೇ ಇಲ್ಲ. "ಹಾಳೆಗೆ ಹತ್ತು ರೂಪಾಯಿ ಕೆಲಸ, ಇಷ್ಟೆಲ್ಲ ಯಾಕೆ ಮಾರಾಯಾ? ಡಾರ್ಕ್ ಇಟ್ಟು ಹೊಡಿ" ಅಂದಿದ್ದರು ಒಬ್ಬರು. ಈಗ ಕಷ್ಟದ ಹಾಳೆ ಬಂದರೆ ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಬರುವ ಕಾಗದಗಳಲ್ಲಿ ಜಾಸ್ತಿ ಮುಳುಗಡೆಯವರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತಲ್ಲ, ಆಗ ಊರು ಬಿಟ್ಟ ಮನೆಗಳ ದಾಖಲೆಗಳು. ಜಮೀನಿನ ಹಕ್ಕಿಗಾಗಿ ಇವತ್ತಿಗೂ ಅದನ್ನೇ ಹಿಡಿದು ಅಲೆಯುತ್ತಾರೆ. ಇಷ್ಟು ವರ್ಷದ ಮಳೆಗಾಲದ ತೇವ, ಅಟ್ಟದ ಹೊಗೆ, ಬೂಸ್ಟು ಎಲ್ಲ ಸೇರಿ ಹಾಳೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಮೇಲೆ ಮಂಕಾದ ನೀಲಿ ಶಾಯಿ. ಸರ್ವೆ ನಂಬರಿನ ೬ ಹೋಗಿ ೯ ಅಂತ ಕಂಡರೆ ಅವರ ಗತಿ ಏನು?

ಬ್ಲ್ಯಾಕ್ ಅಂಡ್ ವೈಟ್ ಮೋಡ್‌ನಲ್ಲಿ ಕಲೆಯೆಲ್ಲ ಕಪ್ಪಾಗಿ ಬರುತ್ತಿತ್ತು. ಥ್ರೆಶೋಲ್ಡ್ (ಎಷ್ಟು ಮಂಕಾದರೆ ಕಪ್ಪು, ಎಷ್ಟಾದರೆ ಬಿಳಿ ಅನ್ನುವ ಗಡಿ) ಬದಲಿಸಿದರೆ ಕಲೆಯ ಜೊತೆ ಅಕ್ಷರವೂ ಹೋಗುತ್ತಿತ್ತು. ಆಟೋ ಮೋಡ್ ಹಾಳೆಗೊಂದು ಥರ. ಗ್ರೇಸ್ಕೇಲ್‌ನಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬಿಟ್ಟು 600 ಮಾಡಿದರೆ ಫೈಲ್ ನಾಲ್ಕು ಪಟ್ಟು ದೊಡ್ಡದಾಯಿತು, ಕಲೆ ಇನ್ನೂ ಚೆನ್ನಾಗಿ ಕಂಡಿತು! ಐದು ಸಾವಿರ ಚಿಲ್ಲರೆ ಕೊಟ್ಟು ತಂದ ತೆಳ್ಳನೆಯ ಸಿಐಎಸ್ (ಸೆನ್ಸರ್ ಗಾಜಿನ ಬುಡದಲ್ಲೇ ಇರುವ) ಸ್ಕ್ಯಾನರ್‌ನಲ್ಲಿ ಮಡಿಕೆ ಬಿದ್ದ ಕಡೆ ಅಕ್ಷರ ಮಸುಕು. ಗಾಜಿನಿಂದ ಸ್ವಲ್ಪ ಮೇಲೆದ್ದರೂ ಅದಕ್ಕೆ ಫೋಕಸ್ ಸಿಗುವುದಿಲ್ಲ. ಅರ್ಧ ಬೆಲೆಗೆ ಮಾರಿ, ಶಿವಮೊಗ್ಗದಿಂದ ಹಳೇ ಸಿಸಿಡಿ (ಒಳಗೆ ಕನ್ನಡಿ, ಲೆನ್ಸ್ ಇರುವ) ಫ್ಲಾಟ್‌ಬೆಡ್ ಸ್ಕ್ಯಾನರ್ ತಂದೆ. ಏಳೆಂಟು ಸಾವಿರ ಆಗಿರಬೇಕು. ಭಾರ, ನಿಧಾನ, ಆದರೆ ಮಡಿಕೆಯ ಒಳಗಿನ ಅಕ್ಷರವನ್ನೂ ಹಿಡಿಯುತ್ತದೆ.

ಈಗ ಮಾಡುವುದು ಹೀಗೆ. 300 ಡಿಪಿಐ, 24 ಬಿಟ್ ಕಲರ್. ಸ್ಕ್ಯಾನರ್ ತಾನೇ ತಿದ್ದುವ ಆಟೋ ಎಕ್ಸ್‌ಪೋಶರ್, ಶಾರ್ಪನ್, ಟೆಕ್ಸ್ಟ್ ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್. ಟಿಫ್ ಆಗಿ ಸೇವ್, ಎ4 ಹಾಳೆಗೆ 25 ಎಂಬಿ ಹತ್ತಿರ. ಜೆಪೆಗ್ ಬೇಡ, ಅಕ್ಷರದ ಸುತ್ತ ಕೊಳೆ ಬಿಡುತ್ತದೆ. ಆಮೇಲೆ ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಚಾನೆಲ್ ಬೇರೆ ಮಾಡಿ ಕೆಂಪನ್ನು ನೋಡಿ. ನೀಲಿ ಶಾಯಿ ಕೆಂಪು ಬೆಳಕನ್ನು ನುಂಗುತ್ತದೆ, ಹಾಗಾಗಿ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಕಂದು ಕಲೆ ಕೆಂಪನ್ನು ವಾಪಸ್ ಕೊಡುತ್ತದೆ, ಅದು ಬಿಳಿಯಾಗಿ ಮಾಯ. ಮೊದಲ ಸಲ ನೋಡಿದಾಗ ನನಗೇ ಮೈ ಜುಮ್ಮೆಂದಿತು. ಕೊನೆಗೆ ಲೆವೆಲ್ಸ್, ಅಂದರೆ ಕಪ್ಪು-ಬಿಳುಪನ್ನು ಎಳೆದು ಹೊಂದಿಸುವುದು. ಯಾವ ಕಾಗದಕ್ಕೆ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಕೆಲವು ಸ್ಕ್ಯಾನರ್‌ಗಳಲ್ಲಿ ಕೆಂಪು ಡ್ರಾಪ್‌ಔಟ್ ಅಂತಲೇ ಇರುತ್ತದೆ, ಸ್ಕ್ಯಾನ್ ಮಾಡುವಾಗಲೇ ಕೆಂಪನ್ನು ಅಳಿಸಿಬಿಡುತ್ತದೆ. ನಾನು ಬಳಸುವುದಿಲ್ಲ. ಕೆಂಪು ಮೊಹರೂ ಅದರ ಜೊತೆ ಹೋಗುತ್ತದೆ, ಮೊಹರಿಲ್ಲದ ದಾಖಲೆ ಯಾರಿಗೆ ಬೇಕು? ಕೆಂಪು ಚಾನೆಲ್‌ನಲ್ಲೂ ಕೆಂಪು ಮೊಹರು ಮಾಯವೇ, ಆದರೆ ಕಲರ್ ಸ್ಕ್ಯಾನ್‌ನಲ್ಲಿ ಉಳಿದ ಚಾನೆಲ್‌ಗಳು ಕೈಯಲ್ಲೇ ಇರುತ್ತವೆ. ಕೆಂಪಾಗಲಿ, ನೇರಳೆಯಾಗಲಿ, ಮೊಹರಿಗೆ ಹಸಿರು ಚಾನೆಲ್. ಅಕ್ಷರ, ಮೊಹರು ಎರಡನ್ನೂ ಒಂದೇ ಹಾಳೆಯಲ್ಲಿ ಕೂರಿಸುವ ದಾರಿಯೂ ಇದೆ, ಅದು ಇನ್ನೊಮ್ಮೆ. ಶಾಯಿಯೇ ಕಂದಾಗಿದ್ದರೆ ಕೆಂಪು ಚಾನೆಲ್‌ನಲ್ಲಿ ಅಕ್ಷರವೇ ಕಾಣುವುದಿಲ್ಲ. ಆಗಲೂ ಹಸಿರೇ. ಅಂಥ ಹಾಳೆಗಳಲ್ಲಿ ಅರ್ಧದಷ್ಟು ಗೆದ್ದಿದ್ದೇನೆ.

ಹಿಂದಿನ ಪುಟದ ಬರಹ ಕಾಣುತ್ತಿದ್ದರೆ ಹಾಳೆಯ ಬೆನ್ನಿಗೆ ಕಪ್ಪು ಡ್ರಾಯಿಂಗ್ ಶೀಟ್ ಇಡಿ. ಮುಚ್ಚಳದ ಬಿಳಿಯಿಂದಲೇ ಆ ಅಕ್ಷರ ತೂರಿ ಬರೋದು. ಮಂಡಿಯ ಹಳೇ ಲೆಕ್ಕದ ಪುಸ್ತಕವೊಂದರ ಮೇಲೆ ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಗಂದು ನೀರು) ಚೆಲ್ಲಿತ್ತು, ಅದನ್ನೂ ಸುಮ್ನೆ ಹೀಗೇ ನೋಡಿದೆ. ತೆಳ್ಳಗೆ ಹರಿದಿದ್ದು ಪೂರ್ತಿ ಹೋಯಿತು, ಗಟ್ಟಿ ಮಡುಗಟ್ಟಿದ್ದು ಹಾಗೇ ಉಳಿಯಿತು.

ಈಗ ಹಾಳೆಗೆ ನಲವತ್ತು ರೂಪಾಯಿ, ಮುಳುಗಡೆಯವರಿಗೆ ಹತ್ತೇ. ಸ್ಕ್ಯಾನರ್ ದುಡ್ಡು ಒಂದು ಮಳೆಗಾಲ ಕಳೆಯೋದರೊಳಗೆ ಬಂತು. ಕೊಡುವಾಗ ಎರಡು ಫೈಲ್ ಕೊಡುತ್ತೇನೆ, ಕಲರ್‌ನ ಮೂಲ ಒಂದು, ಸ್ವಚ್ಛ ಮಾಡಿದ್ದು ಒಂದು. ಸ್ವಚ್ಛ ಮಾಡಿದ್ದು ಮಾತ್ರ ಇದ್ದರೆ ತಿದ್ದಿದ್ದೀರಾ ಅಂತ ಕೇಳುತ್ತಾರೆ. ಮೂಲ ಪಕ್ಕದಲ್ಲೇ ಇದ್ದರೆ ಆ ಮಾತು ಬರುವುದಿಲ್ಲ.