ಕಸದ ಬುಟ್ಟಿ ಬೋರಲು ಹಾಕಿ, ಪಾಠ ಶುರು ಮಾಡಿ

‘ಕಸದಿಂದ ರಸ’ ಸ್ಪರ್ಧೆ ಎಂದರೆ ಸಾಕು, ಹಿಂದಿನ ಸಂಜೆಯೇ ಮಕ್ಕಳು ಅಂಗಡಿಗೆ ಓಡುತ್ತಾರೆ. ಮಿಂಚುಪುಡಿ, ಅಂಟು, ಬಣ್ಣದ ಹಾಳೆ ಕೊಳ್ಳುತ್ತಾರೆ; ಮನೆಯಲ್ಲಿ ಖಾಲಿ ಬಾಟಲಿ ಇಲ್ಲದಿದ್ದರೆ ತಂಪು ಪಾನೀಯವನ್ನೂ. ಬಹುಮಾನ ಗೆದ್ದ ಹೂದಾನಿ ವಾರದೊಳಗೆ ತಿಪ್ಪೆ ಸೇರುತ್ತದೆ. ಇದ್ದ ಕಸಕ್ಕೆ ಇನ್ನಷ್ಟು ಕಸ! ಕೊಪ್ಪಳ ಸೀಮೆಯ ಶಾಲೆಗಳಿಗೆ ದುಡ್ಡು ಬೇಡದ ಬೇರೆ ದಾರಿ ಇದೆ. ಐದನೇ ತರಗತಿಯಿಂದ ಮೇಲಿನವರಿಗೆ ಸರಿಹೊಂದುತ್ತದೆ.

ಮೊದಲು ಲೆಕ್ಕ

ಶುಕ್ರವಾರದ ಕಸ ಸುಡಬೇಡಿ ಎಂದು ಮೊದಲೇ ಹೇಳಿಡಿ. (ಸಂಜೆ ಕಾಂಪೌಂಡ್ ಮೂಲೆಯಲ್ಲಿ ಹೊಗೆ ಏಳುವುದು ಎಷ್ಟೋ ಶಾಲೆಗಳಲ್ಲಿ ರೂಢಿಯೇ ಆಗಿದೆ.) ಶನಿವಾರ ಬೆಳಗಿನ ಶಾಲೆಯಲ್ಲಿ ಬೇವಿನ ನೆರಳಿಗೆ ಗೋಣಿತಟ್ಟು ಹಾಸಿ ಬುಟ್ಟಿಗಳನ್ನೆಲ್ಲ ಬೋರಲು ಹಾಕಿ. ಬ್ಲೇಡು, ಒಡೆದ ಗಾಜು, ಬಳಸಿದ ಪ್ಯಾಡುಗಳನ್ನು ದೊಡ್ಡವರೇ ಮೊದಲು ತೆಗೆದಿಡಬೇಕು. ಉಳಿದದ್ದನ್ನು ಮಕ್ಕಳು ಕಡ್ಡಿಯಿಂದ ನಾಲ್ಕು ಗುಡ್ಡೆ ಮಾಡಲಿ: ಕೊಳೆಯುವುದು, ಕಾಗದ, ಗುಜರಿಯವರು ಕೊಳ್ಳುವುದು, ಯಾರಿಗೂ ಬೇಡವಾದದ್ದು.

ಕಿರಾಣಿ ಅಂಗಡಿಯ ತಕ್ಕಡಿ ತಂದು ಮೊದಲ ಮೂರನ್ನು ತೂಗಿಸಿ. ನಾಲ್ಕನೆಯದನ್ನು ಮಾತ್ರ ಎಣಿಸಿ. ಚಿಪ್ಸ್ ಪ್ಯಾಕೆಟ್ ತೂಕಕ್ಕೇ ಬರುವುದಿಲ್ಲ, ಎಣಿಸಿದಾಗಲೇ ಗಾಬರಿ ಹುಟ್ಟುವುದು. ಪ್ಲಾಸ್ಟಿಕ್‌ಗೆ ಅಲ್ಯುಮಿನಿಯಂನ ತೆಳು ಪದರ ಅಂಟಿರುವುದರಿಂದ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ ಸಿಕ್ಕರೆ, ಅದಕ್ಕೆ 2022ರ ಜುಲೈ 1ರಿಂದಲೇ ದೇಶದಾದ್ಯಂತ ನಿಷೇಧವಿದೆ ಎಂದು ತಿಳಿಸಿ. ಹಾಗಾದರೆ ಇದು ಎಲ್ಲಿಂದ ಬಂತು ಎಂದು ಮಕ್ಕಳೇ ಕೇಳುತ್ತಾರೆ.

ಅಂಕಿಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ, ಅಳಿಸಬೇಡಿ. ಮುಂದಿನ ಒಂದು ವಾರ ಪ್ಯಾಕೆಟ್ ಬದಲು ಮನೆಯಿಂದ ಡಬ್ಬಿಯಲ್ಲಿ ಶೇಂಗಾ-ಬೆಲ್ಲವೋ ಚುರುಮುರಿಯೋ ತರೋಣವೇ ಎಂದು ಕೇಳಿ, ಮತ್ತೆ ಎಣಿಸಿ. ಬೈದು ನಿಲ್ಲಿಸಿದರೆ ಗೇಟಿನಾಚೆ ತಿನ್ನುತ್ತಾರೆ, ಅಷ್ಟೇ.

ಎರಡು ಕುಣಿ

ಎರಡು ಗುಂಡಿ ತೋಡಿಸಿ. ಒಂದು ಗೊಬ್ಬರಕ್ಕೆ. 2021ರ ಡಿಸೆಂಬರ್‌ನಲ್ಲಿ ಈ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಬಾಳೆಹಣ್ಣು ಕೊಡುವುದು ಶುರುವಾದ ಮೇಲೆ ಸಿಪ್ಪೆಗೆ ಬರವಿಲ್ಲ. ಬಾಳೆ ಸಿಪ್ಪೆಯನ್ನು ಚೂರು ಮಾಡಿ, ಮೊಟ್ಟೆ ಚಿಪ್ಪನ್ನು ಒಣಗಿಸಿ ಕುಟ್ಟಿ ಹಾಕಿ. ಹಸಿಯ ಎರಡರಷ್ಟು ಒಣ ಎಲೆ, ಮೇಲೊಂದು ಹಿಡಿ ಮಣ್ಣು. ನಮ್ಮ ಬಿಸಿಲಿಗೆ ಕುಣಿ ಬೇಗ ಒಣಗುತ್ತದೆ, ಕೈತೊಳೆದ ನೀರು ಚಿಮುಕಿಸಿ. ವಾರಕ್ಕೊಮ್ಮೆ ತಿರುವಿ. ಸಾರು ಕಲಸಿದ ಅನ್ನ ಬೇಡ, ಹೆಗ್ಗಣ ಬರುತ್ತದೆ.

ಇನ್ನೊಂದು, ಯಾವುದು ಕೊಳೆಯುತ್ತದೆ, ಯಾವುದು ಇಲ್ಲ ಎಂದು ನೋಡಲು. ಅದರಲ್ಲಿ ಬಾಳೆ ಸಿಪ್ಪೆ, ಹಾಳೆ, ಹತ್ತಿ ಬಟ್ಟೆ, ಬಳ್ಳಾರಿ ಜೀನ್ಸಿನ ಒಂದು ಚೂರು, ಚಿಪ್ಸ್ ಪ್ಯಾಕೆಟ್ ಹೂತು, ಗುರುತಿಗೆ ಕಲ್ಲು ನೆಡಿ.

ಕಿನ್ನಾಳದ ಪಾಠ

ಮರುಬಳಕೆ ಕಲಿಯಲು ಕೊಪ್ಪಳದ ಮಕ್ಕಳು ದೂರ ಹೋಗಬೇಕಿಲ್ಲ. ಪಕ್ಕದ ಕಿನ್ನಾಳದಲ್ಲಿ ಮರದ ಬೊಂಬೆ ಮಾಡುವ ಚಿತ್ರಗಾರರು ಗೋಣಿಯ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆ ಹೊಟ್ಟು ಸೇರಿಸಿ ಹುಣಸೆ ಬೀಜದ ಅಂಟಿನಲ್ಲಿ ಕಲಸುತ್ತಾರೆ. ಅದೇ ‘ಕಿಟ್ಟ’. ಮರದ ಬೊಂಬೆಯ ಮೈಗೆಲ್ಲ ಅದನ್ನು ಬಳಿದ ಮೇಲೆಯೇ ಬಣ್ಣದ ಸರದಿ. ಚಿಂದಿ, ಹೊಟ್ಟು, ಬೀಜ ಮೂರೂ ಎಸೆಯುವ ಸರಕೇ!

ಶಾಲೆಯಲ್ಲಿ ಚಿಂದಿಯ ಬದಲು ಹಳೆ ನೋಟ್‌ಬುಕ್ ಸಾಕು. ಆದರೆ ಮೊದಲು ಖಾಲಿ ಹಾಳೆಗಳನ್ನು ಬಿಡಿಸಿ, ಹೊಲಿದು, ಲೆಕ್ಕ ಮಾಡಲು ಕಚ್ಚಾ ಪುಸ್ತಕ ಮಾಡಿಸಿ. ಎರಡೂ ಬದಿ ಬರೆದದ್ದು ಮಾತ್ರ ನೀರಿಗೆ. ಎರಡು ದಿನ ನೆನೆಸಿ, ಒರಳಲ್ಲಿ ಕುಟ್ಟಿ, ಹಿಂಡಿ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಗಂಜಿಯಂತೆ ಕಾಯಿಸಬೇಕು. ಒಲೆಯ ಕೆಲಸ ದೊಡ್ಡವರದು. ಈ ಅಂಟು ಎರಡು ದಿನಕ್ಕೆ ಹಳಸುವ ಕಾರಣ ಬೇಕಾದಷ್ಟೇ ಮಾಡಿ. ಕಾಗದದ ಮುದ್ದೆ, ಅಂಟು ಎರಡನ್ನೂ ರೊಟ್ಟಿ ಹಿಟ್ಟಿನಂತೆ ನಾದಿ, ಎಣ್ಣೆ ಸವರಿದ ಬಟ್ಟಲಿನ ಹೊರಮೈಗೆ ತೆಳುವಾಗಿ ತಟ್ಟಿ. ನೇರ ಬಿಸಿಲಿಗಿಟ್ಟರೆ ಬಿರಿಯುತ್ತದೆ: ಎರಡು ದಿನ ನೆರಳು, ಆಮೇಲೆ ಬಿಸಿಲು. ಚಾಕ್‌ಪೀಸ್, ಪೆನ್ನು ಇಡಲು ಬಟ್ಟಲು ಸಿದ್ಧ. ನೀರು ಮಾತ್ರ ತಾಕಿಸಬೇಡಿ.

ಸಮಯವಿದ್ದರೆ ಹಳೆ ಬಟ್ಟೆಯ ಚೂರುಗಳಿಂದ ಕೌದಿ ಹೊಲಿಯುವ ಅಜ್ಜಿಯೊಬ್ಬರನ್ನು ಕರೆಸಿ. ಗಂಡುಮಕ್ಕಳಿಗೂ ಸೂಜಿ ಕೊಡಿ.

ಎರಡು ತಿಂಗಳಾದ ಮೇಲೆ ಕಲ್ಲು ನೆಟ್ಟ ಕುಣಿ ಅಗೆಯಿಸಿ. ಬಾಳೆ ಸಿಪ್ಪೆ ಇರುವುದಿಲ್ಲ. ಚಿಪ್ಸ್ ಪ್ಯಾಕೆಟ್ ತೊಳೆದರೆ ಅದರ ಮೇಲಿನ ಬೆಲೆ ಇನ್ನೂ ಓದಲು ಬರುತ್ತದೆ. ಅದನ್ನೂ ಬೋರ್ಡಿನ ಲೆಕ್ಕಕ್ಕೆ ಸೇರಿಸಿ.